ಕಂಬಗಳ ಜೊತೆ ಕುಣಿಯುವ ಕೌಸಲ್ಯಾ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಸ್ಕಾಟ್ಲೆಂಡಿನ ಹಳ್ಳಿಗಾಡಿನ ನೃತ್ಯದ ಬಗ್ಗೆ ಬರೆಯುವ ಅರ್ಹತೆ ನನಗಿಲ್ಲ. ನಾನು ಕುಣಿದವನಲ್ಲ, ಆ ದೇಶ ನೋಡಿದವನೂ ಅಲ್ಲ. ಕೆಲವು ಮಂಗಳವಾರ ಅಭ್ಯಾಸದ ಹಾಲ್‌ನ ಗೋಡೆ ಪಕ್ಕದ ಬೆಂಚಿನ ಮೇಲೆ ಕೂತು ನೋಡಿದ್ದೇ ನನ್ನ ಬಂಡವಾಳ. ಇಲ್ಲಿ ಏನಾದರೂ ತಪ್ಪಿದ್ದರೆ ಅದು ನನ್ನದು, ಕೌಸಲ್ಯಾ ಅವರದಲ್ಲ.

ನಮ್ಮ ದ್ವೀಪನಗರದ ಸೆಂಗ್‌ಕಾಂಗ್ ಬಡಾವಣೆಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಮನೆಗಳ ಬ್ಲಾಕಿನ ಕೆಳಗಿನ ವಾಯ್ಡ್ ಡೆಕ್, ಅಂದರೆ ಗೋಡೆಗಳಿಲ್ಲದೆ ಬರೀ ಕಂಬಗಳ ಮೇಲೆ ನಿಂತ ಆ ತೆರೆದ ಜಾಗದಲ್ಲಿ, ಟ್ಯೂಬ್‌ಲೈಟುಗಳು ಉರಿಯುತ್ತಿವೆ. ಚೂಡಿದಾರ್ ತೊಟ್ಟ, ಐವತ್ತರ ಆಸುಪಾಸಿನ ಹೆಂಗಸೊಬ್ಬರು ಮೆದು ಚರ್ಮದ ಷೂಗಳ ಲೇಸನ್ನು ಕಣಕಾಲಿಗೆ ಸುತ್ತಿ ಕಟ್ಟುತ್ತಾರೆ. ಎದ್ದು ನಿಂತು, ಕಂಬವೊಂದಕ್ಕೆ ಮೊಣಕಾಲು ಬಗ್ಗಿಸಿ ವಂದಿಸುತ್ತಾರೆ. ಆಮೇಲೆ ತುದಿಗಾಲಲ್ಲಿ ಹಾರುತ್ತಾ ಒಂದು ಕಂಬವನ್ನು ಬಳಸಿ, ಇನ್ನೊಂದನ್ನು ಸುತ್ತಿ, ಹೊರಟ ಜಾಗಕ್ಕೇ ಬಂದು ನಿಲ್ಲುತ್ತಾರೆ.

ಪಕ್ಕದಲ್ಲಿ ಕೈ ಬೀಸುತ್ತಾ ವ್ಯಾಯಾಮ ಮಾಡುತ್ತಿದ್ದ ಚೀನೀ ಅಜ್ಜ ನಗುತ್ತಾರೆ. “ಆಂಟಿ, ಯುವರ್ ಪಾರ್ಟ್ನರ್ ವೆರಿ ಸ್ಟಿಫ್ ಲಾ!”

“ಇರಲಿ ಬಿಡಿ,” ಎಂದು ಕೌಸಲ್ಯಾ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳುತ್ತಾರೆ. “ಸ್ಟಿಫ್ ಆದ್ರೇನು, ದಿನಾ ಬರುತ್ತೆ. ಲೀವ್ ಹಾಕಲ್ಲ, ಮೀಟಿಂಗ್ ಇದೆ ಅನ್ನಲ್ಲ.”

ಇನ್ನು ಸ್ವಲ್ಪ ಹೊತ್ತಿಗೆ ಅವರು ಸೆಲೆಟಾರ್‌ಗೆ ಬಸ್ ಹತ್ತಬೇಕು. ವಿಮಾನ ದುರಸ್ತಿ ಮಾಡುವ ಕಂಪನಿಯೊಂದರಲ್ಲಿ ಸೀಟುಗಳ ಕವರ್ ಹೊಲಿಯುವುದು ಅವರ ಕೆಲಸ. ಮೈಸೂರಿನಲ್ಲಿ ಹೊಲಿಗೆ ಕಲಿತು, ಮದುವೆಯಾಗಿ ಇಲ್ಲಿಗೆ ಬಂದು, ಮಗಳು ಶಾಲೆಗೆ ಸೇರಿದ ಮೇಲೆ ಕೆಲಸ ಹಿಡಿದವರು. ಪತಿ ಬದರಿನಾಥ್ ಅದೇ ಸೆಲೆಟಾರ್‌ನಲ್ಲಿ ಎಂಜಿನ್ ಬಿಚ್ಚಿ ಜೋಡಿಸುವ ಎಂಜಿನಿಯರ್.

ನೃತ್ಯಕ್ಕೆ ಬಂದದ್ದು ಆಕಸ್ಮಿಕ. ಒಂಬತ್ತು ವರ್ಷದ ಹಿಂದೆ ಮಗಳು ತೃಪ್ತಿ ಗೆಳತಿಯ ಜೊತೆ ಈ ತರಗತಿಗೆ ಸೇರಿದ್ದಳು. ಕರೆದುಕೊಂಡು ಹೋಗಲು ಬಂದ ತಾಯಿ ಬಾಗಿಲಲ್ಲಿ ಕಾಯುತ್ತಿದ್ದಾಗ ಒಳಗೆ ಒಬ್ಬರು ಕಡಿಮೆ ಬಿದ್ದರು. ಟೀಚರ್ ಮೋಯ್ರಾ ಕೈಹಿಡಿದು ಎಳೆದು ಗಂಡಸರ ಸಾಲಿನಲ್ಲಿ ನಿಲ್ಲಿಸಿದರು. “ಸುಮ್ನೆ ನಿಂತ್ಕೊಳ್ಳಿ ಸಾಕು ಅಂದ್ರು. ಚಪ್ಪಲಿ ಬಿಟ್ಟು ನಿಂತೆ. ತೃಪ್ತಿ ಮೂರು ವಾರಕ್ಕೇ ಎಕ್ಸಾಮ್ ಅಂತ ಬಿಟ್ಲು. ನಾನು ಇನ್ನೂ ನಿಂತೇ ಇದೀನಿ.”

ನನಗೆ ಅರ್ಥವಾದಷ್ಟು ವಿವರಿಸುತ್ತೇನೆ. ಗಂಡಸರದೊಂದು ಸಾಲು, ಎದುರಿಗೆ ಹೆಂಗಸರದೊಂದು ಸಾಲು, ಒಟ್ಟು ನಾಲ್ಕು ಜೋಡಿ. ಇದಕ್ಕೆ ಸೆಟ್ ಎನ್ನುತ್ತಾರೆ. ಗಂಡಸರ ಎಡಭುಜ ಸಂಗೀತದ ಕಡೆಗಿರಬೇಕು, ಹೆಂಗಸರ ಬಲಭುಜ. ಒಬ್ಬರು ಬರದಿದ್ದರೂ ಸೆಟ್ ಮುರಿಯುತ್ತದೆ, ಉಳಿದ ಏಳೂ ಜನ ಬೆಂಚಿಗೆ ಮರಳಬೇಕು. ಬರದವರ ಜಾಗದಲ್ಲಿ ನಿಲ್ಲುವುದೇ ಕೌಸಲ್ಯಾ ಅವರ ಪಾತ್ರ. ಬರದವರು ಹೆಚ್ಚಾಗಿ ಗಂಡಸರೇ. ಚಾಂಗಿ ಬಿಸಿನೆಸ್ ಪಾರ್ಕಿಗೆ ಒಂದರ ಹಿಂದೊಂದು ಬ್ಯಾಂಕುಗಳ ಆಫೀಸುಗಳು ಬರುತ್ತಿವೆ. ಜನವರಿಯ ಹೊಸಬರ ತರಗತಿಗೆ ಉತ್ಸಾಹದಿಂದ ಬಂದ ಹುಡುಗರನ್ನು ಮಾರ್ಚ್ ಹೊತ್ತಿಗೆ ಕೆಲಸ ನುಂಗಿರುತ್ತದೆ. ತಿಂಗಳ ಸಂಜೆ ಕೂಟವಿರಲಿ, ಆಗಸ್ಟಿನಲ್ಲಿ ಕಮ್ಯುನಿಟಿ ಕ್ಲಬ್ಬಿನ ಪ್ರದರ್ಶನವಿರಲಿ, ಎಡಭುಜವನ್ನು ಸಂಗೀತದ ಕಡೆ ಕೊಟ್ಟು ಕೌಸಲ್ಯಾ ನಿಲ್ಲುತ್ತಾರೆ.

ನವೆಂಬರ್ ಕೊನೆಯಲ್ಲಿ ವರ್ಷದ ದೊಡ್ಡ ನೃತ್ಯಕೂಟ, ಬಾಲ್. ಅಲ್ಲಿಗೂ ಅವರು ಪ್ರತಿ ವರ್ಷ ಹೋಗುತ್ತಾರೆ. ಗೋಡೆ ಪಕ್ಕ ಕುರ್ಚಿಯಲ್ಲಿ ಷೂ ಕಟ್ಟಿಕೊಂಡು ಕೂತಿರುತ್ತಾರೆ. ಎಲ್ಲಿ ಒಂದು ಜಾಗ ಖಾಲಿಯೋ ಅಲ್ಲಿಗೆ ಓಡುತ್ತಾರೆ. ತಮ್ಮದೇ ಜೋಡಿಯ ಜೊತೆ, ಹೆಂಗಸರ ಸಾಲಿನಲ್ಲಿ, ಒಂದು ನೃತ್ಯವನ್ನೂ ಇದುವರೆಗೆ ಬಾಲ್‌ನಲ್ಲಿ ಮಾಡಿಲ್ಲ.

ಈ ವರ್ಷ ಅದು ಆಗಲೇಬೇಕು ಎಂದು ಅವರು ನಿರ್ಧರಿಸಿದ್ದಾರೆ. “ಮುದುಕೀರ ಕುಣಿತ” ಎಂದು ಇಷ್ಟು ವರ್ಷ ಗೇಲಿ ಮಾಡುತ್ತಿದ್ದ ಬದರಿನಾಥ್ ಅವರನ್ನೇ ಜನವರಿಯಲ್ಲಿ ಹೊಸಬರ ತರಗತಿಗೆ ಎಳೆದುಕೊಂಡು ಹೋದರು. ಒಂದೇ ಒಂದು ನೃತ್ಯ, ರಾತ್ರಿಯ ಮೊದಲನೆಯದು, ಗಂಡ ಹೆಂಡತಿ ಒಟ್ಟಿಗೆ. ಬದರಿನಾಥ್ ಹತ್ತು ತಿಂಗಳು ತಪ್ಪದೆ ಬಂದಿದ್ದಾರೆ. “ಎಂಜಿನ್ ಆದ್ರೆ ಮ್ಯಾನ್ಯುಯಲ್ ನೋಡ್ಕೊಂಡು ಮಾಡಬಹುದು ಸಾರ್. ಇದಕ್ಕೆ ಇವಳೇ ಮ್ಯಾನ್ಯುಯಲ್. ಬೈಗುಳನೂ ಪ್ರಿಂಟ್ ಆಗಿದೆ,” ಎನ್ನುತ್ತಾರೆ.

ಆದರೆ ಹೋದ ಮಂಗಳವಾರ ನಡೆದದ್ದನ್ನು ಬರೆಯದೆ ಇರಲಾರೆ. ಬಾಲ್‌ಗೆ ಮುಂಚಿನ ಕೊನೆಯ ಅಭ್ಯಾಸ. ಪ್ರತಿ ನೃತ್ಯದ ಮೊದಲು ಸಂಗೀತದ ಒಂದು ಸ್ವರ ಮೊಳಗುತ್ತದೆ. ಆಗ ಗಂಡಸರು ತಲೆಬಾಗಬೇಕು, ಹೆಂಗಸರು ಮೊಣಕಾಲು ಬಗ್ಗಿಸಬೇಕು. ಸ್ವರ ಮೊಳಗಿತು. ಬದರಿನಾಥ್ ತಲೆಬಾಗಿದರು. ಎದುರಿಗೆ ಕೌಸಲ್ಯಾ ಕೂಡ ನೇರವಾಗಿ ನಿಂತು ಗಂಡಸರಂತೆ ತಲೆಬಾಗಿದರು.

“ಏನ್ ಅಂಕಲ್, ಆಂಟಿ, ಕನ್ನಡ ಸಂಘದ ಸ್ವಾಗತ ಭಾಷಣಾನಾ?” ಎಂದು ಅದೇ ಸೆಟ್ಟಿನಲ್ಲಿದ್ದ ಬ್ಯಾಂಕಿನ ಹುಡುಗ ಕೌಶಿಕ್ ಕೂಗಿದ. ಎಲ್ಲರೂ ನಕ್ಕರು. ಕೌಸಲ್ಯಾ ನಗಲಿಲ್ಲ. ಸಂಗೀತ ಮುಂದುವರಿಯಿತು. ಎದುರು ಬದಿಗೆ ದಾಟಿ ತಮ್ಮ ಸಾಲಿಗೆ ವಾಪಸ್ ಬರಬೇಕಾದ ಕೌಸಲ್ಯಾ, ಹಳೆಯ ಅಭ್ಯಾಸದಂತೆ ಗಂಡಸರ ಸಾಲಿನಲ್ಲೇ ಉಳಿದುಬಿಟ್ಟರು. ಹೆಂಡತಿಯನ್ನೇ ನೋಡಿಕೊಂಡು ಹೆಜ್ಜೆ ಹಾಕುತ್ತಿದ್ದ ಬದರಿನಾಥ್ ಕೂಡ ಆಕೆಯ ಹಿಂದೆಯೇ ಹೋದರು. ಒಂದು ಸಾಲಿನಲ್ಲಿ ಐದು ಜನ, ಇನ್ನೊಂದರಲ್ಲಿ ಮೂರು. ಸೆಟ್ ಮುರಿಯಿತು.

ಮೋಯ್ರಾ ಬಹಳ ಮೃದುವಾಗಿ ಒಂದು ದಾರಿ ಸೂಚಿಸಿದರು: ಗಂಡ ಹೆಂಡತಿ ಜಾಗ ಬದಲಾಯಿಸಿಕೊಂಡರೆ ಹೇಗೆ? ಬದರಿನಾಥ್ ಕೂಡಲೇ ಒಪ್ಪಿದರು. “ನಾನೇ ಹೆಂಗಸರ ಕಡೆ ನಿಂತ್ಕೋತೀನಿ ಕಣೇ. ನನಗೆ ಎರಡೂ ಕಡೆ ಅಷ್ಟೇ ಬರೋದು.”

“ಬೇಡ ರೀ,” ಎಂದರು ಕೌಸಲ್ಯಾ. “ನನ್ನ ಜಾಗದಲ್ಲಿ ನಾನು ನಿಲ್ತೀನಿ. ಕಾಲು ಕೇಳಲ್ಲ ಅಂದ್ರೆ ಕೇಳೋ ಹಾಗೆ ಮಾಡ್ತೀನಿ.”

ಮರುದಿನದಿಂದಲೇ ಈ ಕಂಬಗಳು. ಒಂದು ಬದಿಗೆ ನಾಲ್ಕು, ಇನ್ನೊಂದು ಬದಿಗೆ ಮೂರು. ಖಾಲಿ ಜಾಗ ಅವರದು. ಬಲಭುಜ ಲಿಫ್ಟಿನ ಕಡೆ, ಅದೇ ಸಂಗೀತದ ದಿಕ್ಕು. ಇವತ್ತು ನಾನು ನೋಡಿದಷ್ಟು ಹೊತ್ತೂ ಅವರ ಮೊಣಕಾಲು ಸರಿಯಾಗಿಯೇ ಬಗ್ಗಿತು. ಒಮ್ಮೆ ಮಾತ್ರ ತಪ್ಪಾಗಿ ಎಡಕ್ಕೆ ಹೊರಟವರು, ತಕ್ಷಣ ನಿಂತು, ತಮ್ಮನ್ನೇ ಗದರಿಕೊಂಡು, ಮತ್ತೆ ಮೊದಲಿಂದ ಶುರು ಮಾಡಿದರು. ಬೆಳಗಿನ ಆಫೀಸು ಜನ ಬ್ಯಾಗು ಹಿಡಿದು ಅವರ ಸೆಟ್ಟಿನ ನಡುವೆಯೇ ನಡೆದುಹೋದರು.

ಬಾಲ್‌ಗೆಂದು ಹಳೆಯ ರೇಷ್ಮೆ ಸೀರೆಯೊಂದನ್ನು ಕತ್ತರಿಸಿ ಉದ್ದ ಲಂಗ ಹೊಲಿದಿಟ್ಟಿದ್ದಾರೆ. ಮೊದಲ ನೃತ್ಯಕ್ಕೆ ತಮ್ಮನ್ನು ಖಾಲಿ ಜಾಗಕ್ಕೆ ಕರೆಯಬಾರದೆಂದು ಮೋಯ್ರಾ ಅವರಿಗೂ ಹೇಳಿದ್ದಾರಂತೆ. ಒಂಬತ್ತು ವರ್ಷದಲ್ಲಿ ಅವರು ಕೇಳಿದ್ದು ಇದೊಂದೇ.

ಬಸ್ ಸ್ಟಾಪಿನವರೆಗೆ ಜೊತೆಗೆ ನಡೆಯುವಾಗ ಕೇಳಬಾರದೇನೋ ಅಂದುಕೊಂಡೇ ಕೇಳಿದೆ. ಶನಿವಾರ ಬಾಲ್‌ನಲ್ಲಿ ನಿಮ್ಮ ಸೆಟ್ಟಿಗೆ ಬರಬೇಕಾದ ಕೌಶಿಕ್‌ಗೆ ಆಫೀಸಿನಲ್ಲೇ ತಡವಾಯಿತು ಅನ್ನಿ. ಹೆಂಗಸರ ಸಾಲಿಗಾದರೆ ಗೋಡೆ ಪಕ್ಕ ಕೂತವರಿದ್ದಾರೆ, ಗಂಡಸರ ಸಾಲಿಗೆ ಪಕ್ಕದ ಸೆಟ್ಟಿನಿಂದ ಯಾರನ್ನೂ ಎಳೆಯುವ ಹಾಗಿಲ್ಲ. ಉಳಿದ ಆರು ಜನ ನಿಂತು ನಿಮ್ಮನ್ನೇ ನೋಡುತ್ತಿದ್ದಾರೆ. ಆಗ?

“ನೋಡಿ, ನಾನಿರೋವಾಗ ಜನ ಕಮ್ಮಿ ಅಂತ ಇಷ್ಟು ವರ್ಷದಲ್ಲಿ ಒಂದು ಸೆಟ್ಟೂ ಕೂತಿಲ್ಲ,” ಎಂದರು. ಮತ್ತೆ, “ಆದ್ರೆ ಈ ಸಲ ನನ್ನ ಕೇಳಬೇಡಿ ಅಂತ ನಾನೇ ಹೇಳಿದೀನಲ್ಲ.” ಬಸ್ ಬಂತು. ಷೂ ಚೀಲ ಎದೆಗವಚಿಕೊಂಡು ಹತ್ತಿದರು.

ನೀವು ಇದನ್ನು ಓದುವ ಭಾನುವಾರ ಬಾಲ್ ಮುಗಿದಿರುತ್ತದೆ. ಪುರವಣಿ ಅದಕ್ಕೂ ಮೊದಲೇ ಅಚ್ಚಿಗೆ ಹೋಗುವುದರಿಂದ ನಾನು ಇಲ್ಲಿಗೇ ನಿಲ್ಲಿಸಬೇಕಾಗಿದೆ. ಕೌಶಿಕ್ ಬಂದನೋ, ಮೊದಲ ಸ್ವರಕ್ಕೆ ಕೌಸಲ್ಯಾ ಯಾವ ಸಾಲಿನಲ್ಲಿ ನಿಂತಿದ್ದರೋ, ನನಗೆ ಗೊತ್ತಿಲ್ಲ.