ಸಿಂದಗಿಯ ಹೊಸ ಓಣಿಯಲ್ಲಿ ಹಿಟ್ಟು ಹಂಚಿದ್ದು

ಮುದ್ದೇಬಿಹಾಳದಲ್ಲಿ ಬಸ್ಸು ಹತ್ತಿದಾಗ ಚಳಿ ಇನ್ನೂ ಬಿಟ್ಟಿರಲಿಲ್ಲ. ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲ. ಆಧಾರ್ ಕಾರ್ಡು ತೋರಿಸಿ ಸೊನ್ನೆ ರೂಪಾಯಿಯ ಚೀಟಿ ಪಡೆದು ಕಿಟಕಿಯ ಪಕ್ಕ ಕುಳಿತೆ. ತಾಳಿಕೋಟೆಯಲ್ಲಿ ಇಳಿದು ಚುರುಮುರಿ ಒಗ್ಗರಣೆ, ಎರಡು ಮಿರ್ಚಿ ಭಜಿ, ಚಹಾ ಮುಗಿಸಿ ಮುಂದಿನ ಬಸ್ಸು ಹಿಡಿದೆ. ದೇವರಹಿಪ್ಪರಗಿ ದಾಟಿದ ಮೇಲೆ ಕಬ್ಬಿನ ಟ್ರ್ಯಾಕ್ಟರು ದಾರಿ ಬಿಡಲಿಲ್ಲ. ನನಗೇನೂ ಅವಸರವಿರಲಿಲ್ಲ. ಎರಡೂ ಕಡೆ ಎರೆಹೊಲದಲ್ಲಿ ಬಿಳಿಜೋಳ ತೆನೆಗಟ್ಟಿತ್ತು, ನೋಡುತ್ತ ಕುಳಿತೆ.

ನಾನು ಹೊರಟದ್ದು ತಂಗಿ ಶಾಂತಾಳ ಹೊಸ ಮನೆಯ ಗೃಹಪ್ರವೇಶಕ್ಕೆ, ಒಂದು ದಿನ ಮುಂಚಿತವಾಗಿ. ಸಿಂದಗಿ ಬಸ್‌ಸ್ಟ್ಯಾಂಡಿನಿಂದ ಆಟೋದವನು ಊರು ಮುಗಿಯುವವರೆಗೂ ಬಂದು, ಆಮೇಲೂ ಒಂದಿಷ್ಟು ಬಂದು, ಜಾಲಿಕಂಟಿಯ ನಡುವೆ ಬಣ್ಣಬಣ್ಣದ ಮನೆಗಳಿದ್ದಲ್ಲಿ ನಿಲ್ಲಿಸಿದ. ಮೊನ್ನೆ ಮೊನ್ನೆಯವರೆಗೆ ತೊಗರಿ ಬೆಳೆಯುತ್ತಿದ್ದ ಹೊಲವಂತೆ. ಈಗ ಒಂದು ಮನೆ, ಎರಡು ಖಾಲಿ ಪ್ಲಾಟು, ಮತ್ತೊಂದು ಮನೆ. ರಸ್ತೆಗೆ ಹೆಸರಿಲ್ಲ. ಮನೆಯವರಿಗೂ ಹೆಸರಿಲ್ಲ. ಇಂಡಿಯವರು, ಚಡಚಣದವರು, ಬಾಗೇವಾಡಿಯವರು, ಹೀಗೆ ಬಿಟ್ಟುಬಂದ ಊರಿನಿಂದಲೇ ಗುರುತು.

ನಾನು ಕಾಲು ತೊಳೆಯುವಷ್ಟರಲ್ಲೇ ತಂಗಿಯ ಗಂಡ ಮಲ್ಲಪ್ಪ ದೂರು ತಂದ. ಶಾಂತಾ ನಾಳಿನ ಊಟಕ್ಕೆ ರೊಟ್ಟಿ ಕೊಳ್ಳುವುದು ಬೇಡವೆಂದು ಹಟ ಹಿಡಿದಿದ್ದಳು. ನಮ್ಮ ಹಳ್ಳಿಗಳಲ್ಲಿ ಯಾರ ಮನೆಯಲ್ಲಿ ಕಾರ್ಯವಿದ್ದರೂ ಹಿಂದಿನ ದಿನ ಓಣಿಯ ಮನೆಮನೆಗೆ ಜೋಳದ ಹಿಟ್ಟು ಕೊಟ್ಟುಬರುತ್ತಾರೆ; ಮರುದಿನ ಆಯಾ ಮನೆಯವರು ರೊಟ್ಟಿ ಬಡಿದು ಬಟ್ಟೆಯಲ್ಲಿ ಕಟ್ಟಿ ತಂದುಕೊಡುತ್ತಾರೆ. ಅದನ್ನೇ ಇಲ್ಲಿಯೂ ಮಾಡುತ್ತೇನೆಂದು ಅವಳು ಹಿಟ್ಟು ಬೀಸಿಸಿ ಇಟ್ಟಿದ್ದಳು.

“ಅಕ್ಕಾರ, ನೀವರೆ ಹೇಳ್ರಿ. ಬಾಜೂ ಮನಿಯವ್ರ ಹೆಸರು ನಮಗ ಗೊತ್ತಿಲ್ಲ, ಅವ್ರು ನಮಗ ರೊಟ್ಟಿ ಬಡದ ಕೊಡ್ತಾರ? ನಾಳೆ ಬೀಗರ ಮುಂದ ಬರೇ ಎಣ್ಣಿಗಾಯಿ ಬಡಸೋಣೇನು?” ಎಂದ.

“ಖಾನಾವಳಿ ರೊಟ್ಟಿನ ತಿನ್ನೋದಿದ್ರ ಮನಿ ಯಾಕ ಕಟ್ಟಿಸಿದ್ರಿ? ಲಾಡ್ಜಿನ್ಯಾಗ ಒಂದ ರೂಮ್ ಹಿಡದಿದ್ರ ಆಗತಿತ್ತು” ಎಂದು ಶಾಂತಾ ಒಳಗಿನಿಂದಲೇ ಅಂದಳು. ಮಲ್ಲಪ್ಪ ಪೇಪರು ಹಿಡಿದು ಕುಳಿತ.

ಹಿಟ್ಟಿನ ಬುಟ್ಟಿ ನಾನು ಹೊತ್ತೆ, ಸೇರು ಅವಳು ಹಿಡಿದಳು. ಮೊದಲು ಇಂಡಿಯವರ ಮನೆ. ಅಂಗಳದಲ್ಲಿ ಒಡೆದ ಡ್ರಮ್ಮಿನಲ್ಲಿ ಲಿಂಬೆಗಿಡ ಬೆಳೆಸಿದ್ದರು. ಮನೆಯ ಹಿರಿಯಳು ಖಾಸಿಂಬಿ ಹಿಟ್ಟನ್ನು ಬೊಗಸೆಯಲ್ಲಿ ಹಿಡಿದು ಮೂಸಿದಳು.

“ಹಿಟ್ಟ ಬಂತಂದ್ರ ಇನ್ನ ಓಣಿ ಆತವಾ. ಇಷ್ಟ ದಿನ ಬರೇ ಪ್ಲಾಟ್ ಇದ್ದವು” ಎಂದು ಸೊಸೆಗೆ ಒಳಗಿಡಲು ಕೊಟ್ಟಳು.

ಶಾಂತಾಳಿಗೆ ಧೈರ್ಯ ಬಂತು. ಚಡಚಣದವರ ಹೆಂಗಸು ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ, ತಮ್ಮ ರೊಟ್ಟಿ ಕಾಗದದಷ್ಟು ತೆಳ್ಳಗಿರುತ್ತದೆ, ಬೇರೆಯವರದರ ಜೊತೆ ಕೂಡಿಸಬೇಡಿ ಎಂದಳು. ಬಾಗೇವಾಡಿಯ ಬಸ್ ಡ್ರೈವರನ ಹೆಂಡತಿ, ಗಂಡನಿಗೆ ಯಾವ ಪಾಳಿಯಿದ್ದರೂ ತನಗೆ ರೊಟ್ಟಿಯ ಪಾಳಿ ತಪ್ಪಿಲ್ಲವೆಂದು ನಕ್ಕಳು. ಅವರ ಮಾಳಿಗೆಯ ಮೇಲೆ ಬಾಡಿಗೆಗಿದ್ದ ನರ್ಸಮ್ಮ ಡ್ಯೂಟಿಯಿಂದ ಬಂದಮೇಲೆ ಮಾಡಿಕೊಡುವೆನೆಂದಳು. ಲಚ್ಯಾಣದ ಮೇಷ್ಟರ ಮನೆಯಲ್ಲಿ ಚಹಾ ಕುಡಿಯದೆ ಬಿಡಲಿಲ್ಲ. ಸುತ್ತು ಮುಗಿಯುವ ಹೊತ್ತಿಗೆ ನನಗೊಂದು ಲೆಕ್ಕ ಸಿಕ್ಕಿತ್ತು: ಹೆಚ್ಚಿನವರು ಮಕ್ಕಳ ಶಾಲೆಗಾಗಿ ಊರು ಬಿಟ್ಟವರು, ಕೆಲವರು ನೌಕರಿಗಾಗಿ. ಅಜ್ಜಿಯರು ಮಾತ್ರ ಮೊಮ್ಮಕ್ಕಳ ಹಿಂದೆ ಬಂದವರು.

ಮೂಲೆಯ ಮನೆಯ ಮುಂದೆ ಶಾಂತಾ ನಿಲ್ಲದೆ ನಡೆದಳು. ಯಾಕೆಂದು ಕೇಳಿದೆ. ಅವರು ಹಾಸನದ ಕಡೆಯವರು, ಗಂಡ ಬ್ಯಾಂಕಿನಲ್ಲಿದ್ದಾನೆ, ಆಕೆಗೆ ರೊಟ್ಟಿ ಬಾರದು, ಸುಮ್ಮನೆ ಯಾಕೆ ತೊಂದರೆ ಕೊಡುವುದು ಎಂದಳು. ನನಗೂ ಸರಿಯೆನಿಸಿತು.

ಸಂಜೆ ಹೊತ್ತು ಮುಳುಗುವ ಮುಂಚೆ ಆ ಮನೆಯ ಲತಾ ಗೇಟಿಗೆ ಬಂದು ನಿಂತಳು. ಕೈಯಲ್ಲಿ ಖಾಲಿ ಡಬ್ಬಿಯಿತ್ತು.

“ಅಕ್ಕಾ, ಎಲ್ಲರ ಮನೆಗೂ ಹಿಟ್ಟು ಕೊಟ್ಟಿರಂತೆ. ನಮ್ಮ ಮನೆ ಮರೆತುಹೋಯ್ತಾ?”

“ಮರತಿಲ್ರಿ. ನಿಮಗ ಬಡಿಯಾಕ ಬರೂದಿಲ್ಲ ಅಂತ...” ಎಂದಳು ಶಾಂತಾ.

“ಬರಲ್ಲ. ಆದ್ರೂ ಒಂದು ಮಾತು ಕೇಳಬಹುದಿತ್ತಲ್ಲ.”

ಹಿಟ್ಟು ಕೊಟ್ಟರೂ ಓಣಿ ತನ್ನನ್ನು ಸೇರಿಸಿಕೊಳ್ಳದಿದ್ದರೆ ಹೇಗೆಂದು ಹೆದರುತ್ತಿದ್ದ ಶಾಂತಾ ಆ ಹೊತ್ತು ನನ್ನ ಮುಖ ನೋಡಿದಳು. ಆಮೇಲೆ ಡಬ್ಬಿ ಇಸಿದುಕೊಂಡು, ಸೇರು ಬಿಟ್ಟು ಬೊಗಸೆಯಲ್ಲೇ ತುಂಬಿ ಕೊಟ್ಟಳು. ಕುದಿಯುವ ನೀರಿನಲ್ಲಿ ನಾದಬೇಕೆಂದು ಹೇಳುತ್ತ ಮೂಲೆಯ ಮನೆಯವರೆಗೂ ಹೋಗಿ ಬಂದಳು.

ಮರುದಿನ ಪೂಜೆ ಮುಗಿದರೂ ಬಾಗಿಲಲ್ಲಿ ಯಾರೂ ಕಾಣಲಿಲ್ಲ. ಮಲ್ಲಪ್ಪ ಮತ್ತೆ ಮತ್ತೆ ಗಡಿಯಾರ ನೋಡುತ್ತಿದ್ದ. ಬೀಗರು ಚಾಪೆಯ ಮೇಲೆ ಕುಳಿತೇ ಬಿಟ್ಟಿದ್ದರು. ಆಗ ಖಾಸಿಂಬಿ ಸೊಸೆಯೊಡನೆ ಬಂದಳು, ಹಿಂದೆಯೇ ಚಡಚಣದವರು, ಬಾಗೇವಾಡಿಯವರು. ಬಿಸಿ ಆರಬಾರದೆಂದು ಎಲ್ಲರೂ ಊಟದ ಹೊತ್ತಿಗೇ ಸರಿಯಾಗಿ ಬಡಿದಿದ್ದರು. ತೆಳ್ಳಗಿನವು, ದಪ್ಪನವು, ಎಳ್ಳು ಹಚ್ಚಿದವು. ಬುಟ್ಟಿ ಸಾಲದೆ ಹಿಟ್ಟು ನಾದುವ ಅಗಲದ ಪರಾತ ತಂದೆವು.

ಕೊನೆಗೆ ಬಂದ ಲತಾ ತನ್ನ ಗಂಟು ಬಿಚ್ಚಲು ಒಲ್ಲೆನೆಂದಳು. ಖಾಸಿಂಬಿಯೇ ಬಿಚ್ಚಿದಳು. ಒಂದೂ ಇಡಿಯಾಗಿರಲಿಲ್ಲ.

“ಒಡದ್ರ ಏನಾತವಾ? ಹೆಂಗೂ ಮುರಕೊಂಡ ತಿನ್ನೋದು. ನೀ ಮೊದಲ ಮುರದ ಕೊಟ್ಟಿ” ಎಂದು ಒಂದು ಚೂರಿಗೆ ಶೇಂಗಾ ಚಟ್ನಿ ಹಚ್ಚಿ ಬಾಯಿಗೆ ಹಾಕಿಕೊಂಡಳು. ನಗು ಪಂಕ್ತಿಯ ಕೊನೆಯವರೆಗೆ ಹೋಯಿತು. ಎಲ್ಲರಿಗಿಂತ ಹೆಚ್ಚು ನಕ್ಕವಳು ಲತಾ.

ಮಾರನೆಯ ಬೆಳಿಗ್ಗೆ ನಾನು ಚೀಲ ಹಿಡಿದು ಹೊರಬಂದಾಗ ಆಕೆ ಆಗಲೇ ಓಣಿಯಲ್ಲಿದ್ದಳು. ಸೊಂಟದ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ತವರಿನಿಂದ ಬಂದ ರಾಗಿಹಿಟ್ಟು. ಭಾನುವಾರ ಮಗಳ ಹುಟ್ಟುಹಬ್ಬವಂತೆ.

“ನಮ್ಮ ಕಡೆ ಮುದ್ದೆ ಇಲ್ದೆ ಊಟ ಆಗಲ್ಲ ಅಕ್ಕಾ. ಮನೆಗೆ ನಾಲ್ಕು ಮಾಡಿಕೊಟ್ಟರೆ ಸಾಕು” ಎಂದು ಶಾಂತಾಳ ಪಾತ್ರೆಗೆ ಸುರಿದು ಮುಂದಿನ ಮನೆಗೆ ಹೋದಳು.

“ಇದನ್ನ ಬಡೀಬೇಕೇನ, ಕುದಸಬೇಕ?” ಎಂದು ಖಾಸಿಂಬಿ ಕಂಪೌಂಡಿನ ಆಚೆಯಿಂದ ಕೇಳುತ್ತಿದ್ದಳು.

ಆಟೋ ತಿರುಗುವಾಗ ಹಿಂದೆ ನೋಡಿದೆ. ಚಡಚಣದವರು, ಬಾಗೇವಾಡಿಯವರು, ನನ್ನ ತಂಗಿ, ಎಲ್ಲರೂ ಪಾತ್ರೆ ಹಿಡಿದು ರಸ್ತೆಯ ನಡುವೆ ನಿಂತಿದ್ದರು. ಲತಾ ಬುಟ್ಟಿಯನ್ನು ಕೆಳಗಿಟ್ಟು, ಎರಡೂ ಕೈಯಿಂದ ಇಲ್ಲದ ಕೋಲೊಂದನ್ನು ಹಿಡಿದು, ಇಲ್ಲದ ಪಾತ್ರೆಯಲ್ಲಿ ತಿರುವಿ ತಿರುವಿ ತೋರಿಸುತ್ತಿದ್ದಳು.