ಭಾವನ ಬಾವಿಯಲ್ಲಿ ಪೆಟ್ರೋಲು

ಭಾವನ ಬಾವಿಯಲ್ಲಿ ಪೆಟ್ರೋಲ್ ಸಿಕ್ಕಿದೆಯಂತೆ! ಕಿರವತ್ತಿಯಿಂದ ಅಕ್ಕ ಫೋನಿನಲ್ಲಿ ಹೇಳಿದ್ದೇ ಹೀಗೆ. (ಕ್ಯಾನ್ ಹಿಡಿದು ಹೊರಡಬೇಡಿ, ಪೂರ್ತಿ ಓದಿ.)

ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ತೆಳ್ಳನೆಯ ಪೊರೆ. ಪಕ್ಕದ ಬಸಣ್ಣನ ಲಾರಿ ಗ್ಯಾರೇಜಿನಿಂದ ಇಳಿದ ಆಯಿಲ್ ಅದು ಎಂದು ಭಾವನ ತೀರ್ಮಾನ. ಎಷ್ಟೋ ವರ್ಷ ಒಬ್ಬರ ಮನೆಯ ಚಹಾ ಇನ್ನೊಬ್ಬರು ಕುಡಿದವರು, ಈಗ ಮಾತಿಲ್ಲ. ಗ್ಯಾರೇಜ್ ಎತ್ತಿಸಿ ಎಂದು ಭಾವ ಪಂಚಾಯ್ತಿಗೆ ಅರ್ಜಿಯನ್ನೂ ಕೊಟ್ಟಿದ್ದಾರೆ.

ಹೊಟ್ಟೆಪಾಡಿಗೇ ಕುತ್ತು ಬಂದಾಗ ಬಸಣ್ಣನಿಗೆ ಹೊಳೆದದ್ದು ಪೆಟ್ರೋಲ್. "ನನ್ನ ಆಯಿಲ್ ಅಲ್ರಿ, ನೆಲದಾಗಿಂದ ಬರಾಕತ್ತೈತಿ" ಎಂದು ಊರಿಗೆಲ್ಲ ಹೇಳಿದ. ಊರು ನಂಬಿತು. ಮನೆ ಪಕ್ಕದಲ್ಲೇ ಒಂದು ದುಬೈ ಯಾರಿಗೆ ಬೇಡ ಹೇಳಿ?

ನನಗೆ ತಡೆಯಲಾಗಲಿಲ್ಲ. ಕಾಲೇಜು ಗೆಳತಿ ಸುಮಾ ತೈಲ ಹುಡುಕುವ ಕಂಪನಿಯಲ್ಲಿ ಭೂವಿಜ್ಞಾನಿ. ರಜೆಗೆಂದು ಸಿದ್ದಾಪುರಕ್ಕೆ ಬಂದಿದ್ದಳು. (ಮಾಗೋಡಿಗೆ ಕರೆದೊಯ್ದರೆ ಜಲಪಾತಕ್ಕೆ ಬೆನ್ನು ಹಾಕಿ ಬಂಡೆ ನೋಡುವವಳು.) ಭಾನುವಾರ ಅವಳನ್ನು ಕಿರವತ್ತಿಗೆ ಕರೆದುಕೊಂಡು ಹೋದೆ.

ಬಾವಿಕಟ್ಟೆಯ ಹತ್ತಿರ ಆಗಲೇ ಜನ. ಬಸಣ್ಣ ಓಡಿ ಬಂದ. "ಬರ್ರಿ ಮೇಡಂ, ಪೆಟ್ರೋಲ್ ಐತಿ ಅಂತ ಒಂದ್ ಮಾತು ಹೇಳಿಬಿಡ್ರಿ."

ಭಾವ ಬಿಡುತ್ತಾರೆಯೇ? "ಎಂತ ಪೆಟ್ರೋಲೂ ಇಲ್ಲೆ ತಂಗಿ, ಗ್ಯಾರೇಜಿನ ಆಯಿಲ್ಲೇ ಅದು. ಸ್ವತಃ ಆನೇ ವಾಸನೆ ನೋಡಿದ್ದೆ!"

ಸುಮಾ ಇಬ್ಬರನ್ನೂ ಬಿಟ್ಟು ಬಾವಿಯ ಗೋಡೆ ನೋಡತೊಡಗಿದಳು. ಮೇಲೆ ಕೆಂಪು ಚಿರೆಕಲ್ಲು, ಅದರ ಕೆಳಗೆ ಅಲೆಅಲೆಯಾಗಿ ಮಡಚಿಕೊಂಡ ಕಪ್ಪು ಕಲ್ಲು.

"ಇಂಥ ಮಡಿಕೆ ಕಂಡರೆ ನಮಗೆ ಹಬ್ಬ" ಎಂದಳು. ಕಡಲಿನ ಕೆಸರಲ್ಲಿ ಹೂತುಹೋದ ಸೂಕ್ಷ್ಮಜೀವಿಗಳು ಭೂಮಿಯ ಬಿಸಿಗೆ ಹದವಾಗಿ ಬೆಂದರೆ ಎಣ್ಣೆಯಾಗುತ್ತವಂತೆ. ಎಣ್ಣೆ ಹಗುರ, ಮೇಲೇರುತ್ತದೆ. ಕಲ್ಲಿನ ಪದರ ಬೋರಲು ಹಾಕಿದ ಬಾಣಲೆಯಂತೆ ಬಾಗಿದ್ದರೆ ಅದರಡಿ ಸಿಕ್ಕಿಬೀಳುತ್ತದೆ. ಹಾಗಾದರೆ ಇಲ್ಲಿ ಬಾಣಲೆ ಇದೆಯಲ್ಲ? ಬಸಣ್ಣನ ಮುಖ ಅರಳಿತು.

"ಬಾಣಲೆ ಇದೆ. ಆದರೆ ಈ ಕಲ್ಲಿಗೆ ಸುಮಾರು ಇನ್ನೂರೈವತ್ತು ಕೋಟಿ ವರ್ಷ. ನಾವು ಎಣ್ಣೆ ತೆಗೆಯುವ ಕಲ್ಲುಗಳಲ್ಲಿ ಹೆಚ್ಚಿನವು ಇದರ ಮುಂದೆ ಎಳೆ ಮಕ್ಕಳು. ಎಣ್ಣೆ ಇದ್ದಿದ್ದರೂ ಯಾವತ್ತೋ ತಳ ಹಿಡಿದು ಸುಟ್ಟುಹೋಗಿರುತ್ತಿತ್ತು" ಎಂದಳು ಸುಮಾ.

ಇನ್ನೂರೈವತ್ತು ಕೋಟಿ! ನನಗೆ ಗ್ಯಾಸ್ ಬುಕ್ ಮಾಡಿದ ದಿನವೇ ನೆನಪಿರುವುದಿಲ್ಲ. ಅಷ್ಟು ಹಳೆಯ ಕಲ್ಲನ್ನು ಸವರಿಕೊಂಡು ಅಕ್ಕನ ಕೊಡ ದಿನಾ ಇಳಿಯುತ್ತದಲ್ಲ ಎಂದುಕೊಂಡಾಗ ಮೈ ಜುಂ ಎಂದಿತು.

ಆದರೆ ಪೆಟ್ರೋಲ್ ಅಲ್ಲ ಎಂದಮೇಲೆ ಗ್ಯಾರೇಜಿನದೇ ತಾನೆ? ಭಾವ ಮೀಸೆಯಡಿ ನಕ್ಕರು. ಬಸಣ್ಣ ಕಟ್ಟೆಯ ಮೇಲೆ ಕುಸಿದು ಕುಳಿತ. ತಜ್ಞರನ್ನು ಕರೆತಂದು ಒಬ್ಬನ ಅನ್ನ ಕಳೆದೆನೇ?

ಸುಮಾ ಉದ್ದನೆಯ ಕೋಲು ಕೇಳಿದಳು. ಅಕ್ಕ ಮಾವಿನಕಾಯಿ ಕೊಯ್ಯುವ ದೋಟಿ ತಂದಳು. ಅದರಿಂದ ಪೊರೆಯನ್ನು ತಿವಿದರೆ, ಹಪ್ಪಳ ಮುರಿದಂತೆ ಚೂರುಚೂರು! ಚೂರುಗಳು ಮತ್ತೆ ಒಂದಾಗಲೇ ಇಲ್ಲ.

"ಎಣ್ಣೆಯಾಗಿದ್ದರೆ ತಕ್ಷಣ ಕೂಡಿಕೊಳ್ಳುತ್ತಿತ್ತು. ಇದು ಪೆಟ್ರೋಲೂ ಅಲ್ಲ, ಆಯಿಲೂ ಅಲ್ಲ. ಈ ಕೆಂಪು ನೆಲದ ಕಬ್ಬಿಣದ ಮೇಲೆ ಬದುಕುವ ಬ್ಯಾಕ್ಟೀರಿಯಾ ಕಟ್ಟಿದ ಪೊರೆ. ಬಾವಿ ತೊಳೆಸಿ, ನೀರು ಟೆಸ್ಟ್ ಮಾಡಿಸಿ, ಸಾಕು."

(ಹಾಗಾದರೆ ಭಾವ ನೋಡಿದ ವಾಸನೆ? ಸಿಟ್ಟು ಮೂಗಿನ ತುದಿಯಲ್ಲೇ ಇದ್ದರೆ ಇನ್ನೇನಾಗುತ್ತದೆ!)

ಬಸಣ್ಣ ಎದ್ದು ನಿಂತ. "ಹಂಗಾದ್ರ ಅರ್ಜಿ ವಾಪಸ್ ತಗೋತೀರಲ್ರಿ, ಹೆಗಡೇರ?"

ಅಷ್ಟು ಜನರ ಎದುರು ಭಾವ ಆಕಾಶ ನೋಡಿದರು. "ನೋಡನ. ಮೀಟಿಂಗ್ ಬುಧವಾರ ಇದ್ದು. ವಿಚಾರ ಮಾಡ್ತೆ."

ಇವತ್ತು ಮಂಗಳವಾರ. ಈಗಷ್ಟೇ ಫೋನ್ ಮಾಡಿದೆ, ಇನ್ನೂ ವಿಚಾರ ಮಾಡುತ್ತಿದ್ದಾರಂತೆ. ಬಾವಿಯೇನೋ ಒಂದೇ ತಿವಿತಕ್ಕೆ ನಿಜ ಹೇಳಿತು. ಭಾವನನ್ನು ಯಾವ ಕೋಲಿನಿಂದ ತಿವಿಯಲಿ?