ನಾನು ಹುಟ್ಟಿಸಿದ ಸದ್ದು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಆ ಸದ್ದನ್ನು ಹುಟ್ಟಿಸಿದ ಮೂರ್ಖ ನಾನೇ. ಗಾಳಿ, ದೆವ್ವ ಎಂದು ಯಾರಾದರೂ ಶುರು ಮಾಡಿದರೆ ಅವರದೇ ದನಿಯಲ್ಲಿ ಅವರನ್ನು ಅಣಕಿಸಿ ಬಾಯಿ ಮುಚ್ಚಿಸುತ್ತಿದ್ದವನೂ ನಾನೇ. ದೇವದುರ್ಗದಲ್ಲಿ ನನ್ನ ಗಂಟಲಿಗೆ ಸಿಗದ ದನಿ ಇರಲಿಲ್ಲ. ಬಸ್ ಸ್ಟ್ಯಾಂಡಿನ ಕಂಡಕ್ಟರು, ಕೆಮ್ಮಿ ಕೆಮ್ಮಿ ಪಾಠ ಮಾಡುವ ಮಾಸ್ತರು, ಹುಡುಗಿಯರ ಮುಂದೆ ನಡುಗುವ ನನ್ನದೇ ದನಿ, ಎಲ್ಲವೂ ನನ್ನ ಬಳಿ ಇದ್ದವು.

ನಮ್ಮ ಸೋದರಮಾಮನದು ಇಪ್ಪತ್ತು ವರ್ಷ ಹಳೆಯ ಡೀಸೆಲ್ ಕಾರು. ಅತ್ತೆಯ ಮಾತಿಗಿಂತ ಅದರ ಎಂಜಿನ್ನಿನ ಮಾತಿಗೇ ಅವನ ಕಿವಿ ಹೆಚ್ಚು. ನಾಲ್ಕು ವರ್ಷದ ಹಿಂದೆ ಒಂದು ದಿನ ಹಿಂದಿನ ಸೀಟಿನಲ್ಲಿ ಕೂತು, ತುಟಿ ಅಲುಗದಂತೆ ಗಂಟಲಲ್ಲೇ ಒಂದು ಸದ್ದು ಬಿಟ್ಟೆ: ಟಕ ಟಕ ಟಕ, ಕೊನೆಗೊಂದು ಕುಂಯ್. ಆ ಕುಂಯ್ ಯಾವ ಎಂಜಿನ್ನಿನದೂ ಅಲ್ಲ. ನಮ್ಮ ಓಣಿಯ ನಾಯಿಯ ಬಾಲದ ಮೇಲೆ ಸೈಕಲ್ ಹತ್ತಿದಾಗ ಕೇಳಿದ್ದು. ರುಚಿಗೆ ಇರಲಿ ಅಂತ ಸೇರಿಸಿದ್ದೆ.

ಮಾಮ ಬೆವತುಹೋದ. ಅಕ್ಕನಿಗೆ ಆಗ ಒಂಬತ್ತು ತಿಂಗಳು ತುಂಬಿತ್ತು. ಹೆರಿಗೆಗೆ ಅದೇ ಕಾರಿನಲ್ಲಿ ರಾಯಚೂರಿಗೆ ಹೋಗಬೇಕಿತ್ತು. ಸೀದಾ ಮಾನ್ವಿಗೆ, ಖಾದರ್ ಮಿಸ್ತ್ರಿಯ ಗ್ಯಾರೇಜಿಗೆ ಹೋದೆವು. ಮಿಸ್ತ್ರಿ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ, ಡಾಕ್ಟರಂತೆ ಕಣ್ಣು ಮುಚ್ಚಿ ಕೇಳಿದರು. ಏನೂ ಇಲ್ಲ. ರಸ್ತೆಗೆ ಒಯ್ದರೆ ಸದ್ದು! ಒಂದೊಂದೇ ಭಾಗ ಬಿಡಿಸಿ ಓಡಿಸಿ ನೋಡುವುದು ಅವರ ಪದ್ಧತಿ. ಎಸಿಯ ಬೆಲ್ಟ್ ಬಿಚ್ಚಿ ನೋಡಿದರು, ಸದ್ದು. ಮೂರನೇ ಸಲಕ್ಕೆ ನನ್ನ ಕಡೆ ಬೆರಳು ಮಾಡಿ ಮಾಮನಿಗೆ ಹೇಳಿದರು:

“ಸಾವ್ಕಾರ್ರ, ಈ ಪಾರ್ಟ್ ಇಳಿಸಿ ಓಡಸ್ರಿ.”

ನಾನು ಇಳಿದೆ. ಸದ್ದು ನಿಂತಿತು. ಮಾಮನ ಐದು ಬೆರಳು ನನ್ನ ಬೆನ್ನ ಮೇಲೆ ಎರಡು ದಿನ ಇದ್ದವು.

ನಾಲ್ಕನೇ ದಿನ ಮಧ್ಯಾಹ್ನ ಅಕ್ಕನಿಗೆ ನೋವು ಶುರುವಾಯಿತು. ಮುಂದೆ ಮಾಮ ಮತ್ತು ಅವ್ವ, ಹಿಂದೆ ಅಕ್ಕ ಮತ್ತು ನಾನು. ಮಾಮ ಎಂದೂ ಇಲ್ಲದ ವೇಗದಲ್ಲಿ ಓಡಿಸುತ್ತಿದ್ದ. ಗಬ್ಬೂರು ದಾಟಿದ ಮೇಲೆ ಕೇಳಿಸಿತು: ಟಕ ಟಕ ಟಕ, ಕುಂಯ್.

“ಲೇ, ಆಕಿ ಜೀವಾ ಹೊಂಟದ, ಈಗೂ ಚಾಷ್ಟಿ ಏನಲೇ? ಬಾಯಿ ಮುಚ್ಚು!”

“ಯಪ್ಪಾ, ನನ್ನಾಣಿ, ನಾ ಅಲ್ಲ ಮಾಮಾ!”

ಅಕ್ಕ ಆ ನೋವಿನಲ್ಲೂ ಅಂಗೈಯಿಂದ ನನ್ನ ಬಾಯಿ ಒತ್ತಿ ಹಿಡಿದಳು. ಉಸಿರು ಕೂಡ ಹೊರಬರದಂತೆ. ಟಕ ಟಕ ಟಕ, ಕುಂಯ್. ಬಾನೆಟ್ಟಿನೊಳಗಿಂದ. ಅದೇ ಲಯ, ಅದೇ ನಾಯಿ. ಅಕ್ಕನ ಕೈ ತಣ್ಣಗಾದದ್ದು ನನ್ನ ತುಟಿಗೆ ತಿಳಿಯಿತು.

“ಮಾಮಾ, ಇಂವಲ್ಲ. ಗಾಡಿ ನಿಂದ್ರಸು.”

ಮಾಮ ಒಂದೊಂದೇ ಗೇರ್ ಇಳಿಸಿದ. ಗಾಡಿ ಎತ್ತಿನ ಬಂಡಿಯ ವೇಗಕ್ಕೆ ಬಂದಾಗ ಬ್ರೇಕ್ ತುಳಿದ. ಪೆಡಲ್ ನೆಲ ಮುಟ್ಟಿತು. ಗಾಡಿ ನಿಲ್ಲಲಿಲ್ಲ. ಉರುಳುತ್ತ ಹೋಗಿ, ರಸ್ತೆ ಬದಿಯ ಗರಸು ಮಣ್ಣಿನ ರಾಶಿಗೆ ಮೂತಿ ತೂರಿಸಿ ನಿಂತಿತು. ಎದುರಿಗೆ ಒಂದು ಕೂಗಿನ ದೂರದಲ್ಲಿ ಕಾಲುವೆಯ ತಿರುವು. ಅಲ್ಲಿ ಭತ್ತದ ಲಾರಿಗಳು ಸಾಲಾಗಿ ನಿಂತಿದ್ದವು.

ಅಣಕಿಸಲು ನನಗೆ ಒಬ್ಬರ ದನಿಯೂ ನೆನಪಾಗಲಿಲ್ಲ. ಹಿಂದೆ ಬಂದ ಬಸ್ಸಿಗೆ ಅಕ್ಕನನ್ನು ಹತ್ತಿಸಿದೆವು. ಸಂಜೆ ರಾಯಚೂರಿನಲ್ಲಿ ಮಗಳು ಹುಟ್ಟಿದಳು.

ಮರುದಿನ ಮಿಸ್ತ್ರಿ ಗಾಡಿ ನಿಂತಲ್ಲಿಗೇ ಬಂದರು. ಬ್ರೇಕಿನ ರಬ್ಬರ್ ಪೈಪ್ ಒಡೆದು ಎಣ್ಣೆಯೆಲ್ಲ ಸೋರಿತ್ತು. ಅದು ಸದ್ದಿಲ್ಲದೆ ಆಗುವ ಕೆಲಸ, ಎಂಜಿನ್ನಿಗೂ ಅದಕ್ಕೂ ಸಂಬಂಧವೇ ಇಲ್ಲ ಎಂದರು. ಸ್ಕ್ರೂಡ್ರೈವರ್ ಕಿವಿಗೆ ಹಚ್ಚಿ ಬಹಳ ಹೊತ್ತು ಕೇಳಿದರು. ಎಂಜಿನ್ ಸುಮ್ಮನೆ ತನ್ನ ಹಾಡು ತಾನು ಹಾಡಿಕೊಂಡಿತ್ತು. ಇಂದಿಗೂ ಕಾರು ಓಡುತ್ತಿದೆ. ಆ ಸದ್ದು ಮತ್ತೆ ಬಂದಿಲ್ಲ, ನಾನೂ ಮಾಡಿಲ್ಲ. ಯಾಕೆ ಬಂತು, ಹೇಗೆ ಬಂತು, ನನಗೆ ಇನ್ನೂ ಗೊತ್ತಿಲ್ಲ.

ಅಂದು ಮಾತ್ರ ನಾನು ಮಿಸ್ತ್ರಿಯ ಬೆನ್ನು ಬಿಡಲಿಲ್ಲ. “ಹೆಂಗ ಸಾಧ್ಯ ಅದರೀ? ಅದು ನಾ ಹುಟ್ಟಿಸಿದ ಸದ್ದರೀ, ನಂದು!” ಎಂದು ಗೋಗರೆದೆ.

ಅವರು ಎಣ್ಣೆಯ ಕೈ ಒರೆಸಿಕೊಳ್ಳುತ್ತ ನನ್ನನ್ನೇ ನೋಡಿದರು.

“ಊರ ಮಂದಿ ದನಿ ಕದೀವಾಗ ನೀ ಯಾರನ್ನರ ಕೇಳಿದ್ದೇನು? ಗಾಡಿ ಒಂದ್ ಸಲ ನಿಂದು ಕದ್ದದ. ಸುಮ್ಕ ಕುಂಡ್ರು.”